ಬೆಳಗಿನ ರೊಟ್ಟಿ, ರಾತ್ರಿಯ ರೊಟ್ಟಿ

ನನ್ನ ಗಂಡನ ರಕ್ತವನ್ನು ನಾನು ಮೊದಲ ಸಲ ತೆಗೆದದ್ದು ಅವರಿಗೆ ಏನೋ ಆಗಿದೆ ಎಂಬ ಅನುಮಾನದಿಂದಲ್ಲ, ಏನೂ ಆಗಿಲ್ಲ ಎಂಬ ಖಾತ್ರಿಯಿಂದ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗೋಕಾಕದಲ್ಲಿ ಒಬ್ಬ ಡಾಕ್ಟರರ ದವಾಖಾನೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ನಾನು ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದೆ. ಆ ವಾರ ಸಕ್ಕರೆ ಅಳೆಯುವ ಹೊಸ ಯಂತ್ರ ಬಂದಿತ್ತು. ಅದು ಕೊಡುವ ಅಂಕಿ ಸರಿಯೋ ತಪ್ಪೋ ತಿಳಿಯಲು ಗಟ್ಟಿಮುಟ್ಟಾದ ಒಬ್ಬರ ರಕ್ತ ಬೇಕಿತ್ತು. ಅದೇ ದಿನ ನನ್ನವರು ಚಪ್ಪಲಿ ಕೊಳ್ಳಲು ಪೇಟೆಗೆ ಬಂದಿದ್ದರು. ಸಂಜೆ ಇಬ್ಬರೂ ಕೂಡಿ ಬಸ್ಸಿಗೆ ಹೋದರಾಯಿತೆಂದು ಲ್ಯಾಬಿನ ಬೆಂಚಿನ ಮೇಲೆ ಕುಳಿತಿದ್ದರು. ಮೂವತ್ತಾರು ವರ್ಷ, ತೆಳ್ಳಗೆ ಎತ್ತರದ ಆಳು. ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಪಾಕ ಕುದಿಸುವ ದೊಡ್ಡ ಪ್ಯಾನುಗಳನ್ನು ನೋಡಿಕೊಳ್ಳುವುದು ಅವರ ಕೆಲಸ.

"ನಂದ ತಗೋ," ಎಂದು ಅಂಗಿಯ ತೋಳು ಮಡಚಿದರು. "ಸಕ್ಕರಿ ಕುದಸಾವನ ರಕ್ತದಾಗ ಸಕ್ಕರಿ ಎಷ್ಟೈತಿ ನೋಡೇ ಬಿಡೂಣ."

ಯಂತ್ರ ತೋರಿಸಿದ ಅಂಕಿ ನೋಡಿ ಅದು ಕೆಟ್ಟಿದೆ ಎಂದುಕೊಂಡೆ. ನನ್ನದೇ ರಕ್ತ ತೆಗೆದು ಹಾಕಿದೆ. ನನ್ನದು ಸರಿಯಾಗಿ ಬಂತು. ಮತ್ತೆ ಅವರದು ಹಾಕಿದೆ, ಮೊದಲಿನದೇ ಅಂಕಿ. ಹಳೆಯ ಪದ್ಧತಿಯಲ್ಲಿ ಮಾಡಿ ನೋಡಿದರೂ ಅಷ್ಟೇ. ಚೀಟಿ ಹಿಡಿದು ಡಾಕ್ಟರರ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿ ನೋಡಿ, "ಮಷಿನ್ ಛಲೋ ಐತ್ರಿ ಬಾಯಾರ," ಎಂದರು. "ನಿಮ್ಮ ಯಜಮಾನರ್ದ ಛಲೋ ಇಲ್ಲ."

ರಕ್ತದೊತ್ತಡ ನೋಡಿದರೆ ಅದೂ ಏರಿತ್ತು. ಆ ಸಂಜೆ ಬಸ್ಸಿನಲ್ಲಿ ಹೊಸ ಚಪ್ಪಲಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಅವರು ಅದರ ದಾರವನ್ನು ಬಿಚ್ಚುತ್ತ ಕಟ್ಟುತ್ತ ಕುಳಿತರು. ಅವರ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇರಲಿಲ್ಲ. ಮೈಯಲ್ಲಿ ಬೊಜ್ಜಿಲ್ಲ, ಸಿಹಿಯ ಹುಚ್ಚಿಲ್ಲ, ಬೀಡಿಯಿಲ್ಲ. ನನಗೆ ಭಯಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಕೊರೆಯತೊಡಗಿತು. ಇವರಿಗೇ ಯಾಕೆ?

ಡಾಕ್ಟರರು ಗುಳಿಗೆ ಬರೆದರು, ನಡೆಯಲು ಹೇಳಿದರು, ಚಹಾದ ಸಕ್ಕರೆ ಬಿಡಿಸಿದರು. ವಾರಕ್ಕೊಮ್ಮೆ ಅವರ ಸೂಟಿಗೆ, ರಾತ್ರಿ ಮನೆಯಲ್ಲೇ ಮಲಗಿ ಎದ್ದ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು ಲ್ಯಾಬಿಗೆ ಒಯ್ದು ನೋಡಿ, ಒಂದು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡುತ್ತ ಬಂದೆ. ಕಬ್ಬು ನುರಿಸುವ ಹಂಗಾಮು ಶುರುವಾಗಿತ್ತು. ಹಂಗಾಮಿನಲ್ಲಿ ಕಾರ್ಖಾನೆ ನಿಲ್ಲುವುದಿಲ್ಲ, ಮೂರು ಪಾಳಿ. ಮೊದಲನೆಯದು ನಸುಕಿನ ನಾಲ್ಕರಿಂದ ಮಧ್ಯಾಹ್ನ ಹನ್ನೆರಡು, ಎರಡನೆಯದು ಹನ್ನೆರಡರಿಂದ ರಾತ್ರಿ ಎಂಟು, ಮೂರನೆಯದು ಎಂಟರಿಂದ ಮತ್ತೆ ನಸುಕಿನ ನಾಲ್ಕು. ವಾರಕ್ಕೊಂದು ಪಾಳಿಯಂತೆ ಸರದಿ ತಿರುಗುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ದಿನ ಆ ಹಾಳೆಗಳನ್ನು ತಿರುವುತ್ತಿದ್ದಾಗ ಕಣ್ಣಿಗೆ ಬಿತ್ತು. ಮೂರನೆಯ ಪಾಳಿ ಮುಗಿದ ವಾರದ ಅಂಕಿ ಪ್ರತಿ ಸಲವೂ ಮೇಲೆ, ಉಳಿದ ವಾರಗಳಲ್ಲಿ ಕೆಳಗೆ. ಊಟ ಅದೇ, ಗುಳಿಗೆ ಅದೇ. ರೊಟ್ಟಿ ಬಡಿಯುವವಳು ನಾನೇ ಆದ್ದರಿಂದ ಎಷ್ಟು ರೊಟ್ಟಿ ಡಬ್ಬಿಗೆ ಹೋಗುತ್ತವೆ ಎಂಬುದು ನನಗೆ ಗೊತ್ತಿತ್ತು. ಬದಲಾಗುತ್ತಿದ್ದದ್ದು ಹೊತ್ತು ಮಾತ್ರ. ಮೂರನೆಯ ಪಾಳಿಯಲ್ಲಿ ರಾತ್ರಿ ಒಂದು ಗಂಟೆಗೆ ಡಬ್ಬಿ ಬಿಚ್ಚುತ್ತಿದ್ದರು. ಮನೆಗೆ ಬಂದು ಬೆಳಕು ಹರಿಯುವ ಮೊದಲು ಇನ್ನೊಮ್ಮೆ ಉಂಡು ಮಲಗುತ್ತಿದ್ದರು.

"ನಿದ್ದಿಗೆಟ್ಟಿದ್ದಕ್ಕ ಹಂಗ ಬಂದಿರತೈತಿ ಬಿಡು," ಎಂದರು ಅವರು. ಇರಬಹುದು ಎನಿಸಿತು. ಆದರೂ ಮನಸ್ಸು ಒಪ್ಪಲಿಲ್ಲ.

ಮೂಡಲಗಿಯಲ್ಲಿ ನಾವು ಬಾಡಿಗೆಗಿದ್ದದ್ದು ಜೈನರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಮನೆಯ ಹಿರಿಯಾಕೆಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು. ಅರವತ್ತು ದಾಟಿದ ಅವರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಆ ಮನೆಯಲ್ಲಿ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ನಾನು ಬಸ್ಸಿಳಿದು ಬಂದು ಒಲೆ ಹೊತ್ತಿಸುವ ವೇಳೆಗೆ ಆಯಿ ಕಟ್ಟೆಯ ಮೇಲೆ ಕುಳಿತು ಜಪ ಮುಗಿಸಿರುತ್ತಿದ್ದರು. ಒಂದು ಸಂಜೆ ನೋಟ್‌ಬುಕ್ಕಿನ ವಿಷಯ ಹೇಳಿದೆ.

"ಹೊತ್ತ ಮುಳುಗಿದ ಮ್ಯಾಲ ಹೊಟ್ಟಿಗೂ ನಿದ್ದಿ ಬರತೈತವಾ," ಎಂದರು ಆಯಿ. "ಮಲಗಿದಾವನ್ನ ಎಬ್ಬಿಸಿ ಕೆಲಸ ಹಚ್ಚಿದರ ಸರಿಯಾಗಿ ಮಾಡ್ಯಾನೇನು?"

"ಅದಕ್ಕ ನೀವು ಲಗೂನ ಉಣ್ಣೂದೇನ್ರಿ ಆಯಿ?"

"ಛೇ, ಅಲ್ಲವಾ. ಕತ್ತಲದಾಗ ಹುಳಾ ಹುಪ್ಪಡಿ ಅನ್ನದಾಗ ಬಿದ್ದು ಸಾಯಬಾರದಂತ. ನಮ್ಮ ಸಲುವಾಗಿ ಅಲ್ಲ, ಅವುಗಳ ಸಲುವಾಗಿ."

ಹುಳುವಿನ ಜೀವ ಉಳಿಸಲು ಮಾಡಿದ ನೇಮ ಮನುಷ್ಯರ ಹೊಟ್ಟೆಗೂ ಏನಾದರೂ ಮಾಡುತ್ತಿರಬಹುದೇ? ಈ ಪ್ರಶ್ನೆಯನ್ನು ಹೊತ್ತುಕೊಂಡೇ ಕೆಲವು ದಿನ ಗೋಕಾಕ–ಮೂಡಲಗಿ ಓಡಾಡಿದೆ.

ಸಂಜೆಯ ಬಸ್ಸಿಗೆ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು, ಸಿಬ್ಬಂದಿ ಹತ್ತುತ್ತಿದ್ದರು. ಅಲ್ಲಿ ಪಾಠ ಹೇಳುವ ಒಬ್ಬ ಮೇಡಂ ಹೆಚ್ಚಾಗಿ ನನ್ನ ಪಕ್ಕ ಕೂರುತ್ತಿದ್ದರು. ಒಂದು ದಿನ ಅವರ ಮಡಿಲಲ್ಲಿ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದ ಹುಣಸೆ ಸಸಿ ಇತ್ತು. ಮೂಡಲಗಿ ಬರುವಷ್ಟರಲ್ಲಿ ಅದರ ಎಲೆಗಳೆಲ್ಲ ಜೋಡಿಜೋಡಿಯಾಗಿ ಮುಚ್ಚಿಕೊಂಡವು.

"ಬಾಡಿತೇನ್ರಿ ಮೇಡಂ?" ಎಂದೆ.

"ಇಲ್ಲರಿ, ಮಲಗೇತಿ," ಎಂದು ನಕ್ಕರು. "ಕತ್ತಲಾತಂತ ಮಲಗೇತಿ ಅನ್ಕೋಬ್ಯಾಡ್ರಿ. ಇದನ್ನ ಕಪಾಟನ್ಯಾಗ ಇಟ್ಟು ಬಾಗಲಾ ಹಾಕ್ರಿ. ಬೆಳಕ ಇಲ್ಲದಿದ್ರೂ ಮುಂಜಾನೆ ಎಲಿ ಬಿಚ್ಚತೈತಿ, ಸಂಜಿಕ ಮುಚ್ಚತೈತಿ. ಒಂದೆರಡ ದಿನ ಹಂಗ ನಡಿತೈತಿ. ಒಳಗ ಅದರದ ಒಂದ ಗಡಿಯಾರ ಇರತೈತಿ."

"ನಮ್ಮ ಹೊಟ್ಟ್ಯಾಗೂ ಇದ್ದೀತೇನ್ರಿ ಅಂಥಾದ್ದು?"

"ನನಗ ಗಿಡದ್ದಷ್ಟ ಗೊತ್ತ್ರಿ. ಹೊಟ್ಟೀದು ನಿಮ್ಮ ಇಲಾಖೆ," ಎಂದು ಸಸಿಯನ್ನು ನನ್ನ ಕೈಗೇ ಕೊಟ್ಟು ಇಳಿದುಹೋದರು.

ಶನಿವಾರ ಅದನ್ನು ಬಟ್ಟೆಯ ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟು, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ತೆರೆದರೆ ಕತ್ತಲೆಯಲ್ಲೇ ಎಲೆ ಬಿಚ್ಚಿಕೊಂಡು ನಿಂತಿತ್ತು. ಸಂಜೆ ಏಳಕ್ಕೆ ನೋಡಿದರೆ ಮುಚ್ಚಿತ್ತು. ನನ್ನವರು ಹಿಂದೆ ನಿಂತು ನೋಡುತ್ತಿದ್ದರು. "ಪಾಪ, ಅದಕ್ಕೂ ಮೂರನೇ ಪಾಳಿ ಹಚ್ಚಿದಿ," ಎಂದು ಸಸಿಯನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿಟ್ಟರು.

ಮುಂದಿನ ಪರೀಕ್ಷೆ ಅವರ ಮೇಲೆಯೇ ನಡೆಯಿತು. ಮೊದಲ ಪಾಳಿಯ ವಾರದ ಸೂಟಿಯ ದಿನ ಆರಿಸಿಕೊಂಡೆವು. ಬೆಳಿಗ್ಗೆ ಎಂಟೂವರೆಗೆ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಅನ್ನ, ಸಾರು. ಎರಡು ತಾಸಿನ ನಂತರ ರಕ್ತ. ರಾತ್ರಿ ಎಂಟೂವರೆಗೆ ಮತ್ತೆ ಅದೇ ಎರಡು ರೊಟ್ಟಿ, ಅದೇ ಪಲ್ಯ, ಅದೇ ಬಟ್ಟಲು. ಎರಡು ತಾಸಿನ ನಂತರ ಮತ್ತೆ ರಕ್ತ. ರೊಟ್ಟಿಗಳ ಹಿಟ್ಟನ್ನು ಆಯಿಯ ಸಣ್ಣ ತಕ್ಕಡಿಯಲ್ಲಿ ತೂಗಿದ್ದೆ.

"ನಿನ್ನ ಲ್ಯಾಬಿನ ಇಲಿ ಆದ್ನಲ್ಲ," ಎಂದು ಗೊಣಗುತ್ತಲೇ ಕೈ ಚಾಚಿದರು.

ಬಾಟಲಿಗಳನ್ನು ಬೆಳಗಿನವರೆಗೆ ಎಲ್ಲಿಡುವುದು ಎಂದು ಆಯಿಯ ಫ್ರಿಜ್ಜಿನ ಕಡೆ ನೋಡಿದೆ. ಆಯಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. "ರಕ್ತನ? ಹಾಲಿನ ಬಾಜೂಕ? ಎಂಥಾ ಮಾತವಾ ನಿಂದು!" ಅವರ ಮುಖ ನೋಡಿ ನನಗೇ ನಾಚಿಕೆಯಾಯಿತು. ರಕ್ತದ ಸಕ್ಕರೆ ಇಳಿಯದಂತೆ ತಡೆಯುವ ಪುಡಿ ಆ ಬಾಟಲಿಗಳಲ್ಲಿ ಇದ್ದೇ ಇತ್ತು. ಒದ್ದೆ ಬಟ್ಟೆ ಸುತ್ತಿ ನಮ್ಮ ನೀರಿನ ಹರವಿಯ ಪಕ್ಕ ಇಟ್ಟೆ.

ಸೋಮವಾರ ಗೋಕಾಕದಲ್ಲಿ ಬಸ್ಸಿಳಿದು ಓಡುತ್ತಲೇ ಲ್ಯಾಬಿಗೆ ಹೋದೆ. ಬೆಳಗಿನ ರೊಟ್ಟಿಗಿಂತ ರಾತ್ರಿಯ ರೊಟ್ಟಿಯ ಸಕ್ಕರೆ ಹೆಚ್ಚಿತ್ತು. ಡಾಕ್ಟರರ ಎದುರು ಎರಡೂ ಚೀಟಿ ಇಟ್ಟೆ.

ಅವರು ಕುರ್ಚಿಗೆ ಒರಗಿದರು. "ಗುಳಿಗಿ ಮುಂಜಾನೆ ತಗೊಂಡಿದ್ರಲ್ಲ? ರಾತ್ರಿಗೆ ಅದರ ಜೋರು ಕಮ್ಮಿ ಆಗಿರತೈತಿ. ಅದಕ್ಕ ಹಿಂಗ ಬಂದೈತಿ ಅಂದ್ರ ಏನ್ ಹೇಳ್ತೀರಿ?"

ಚೀಟಿಗಳನ್ನು ಎತ್ತಿಕೊಂಡೆ. ಮೋರೆ ಸಣ್ಣದು ಮಾಡಿಕೊಂಡು ಹೊರಬಂದೆ. ಬಾಗಿಲಲ್ಲೇ ಹೊಳೆಯಿತು, ಗುಳಿಗೆ ತೆಗೆದುಕೊಳ್ಳದವಳು ನಾನಿದ್ದೇನಲ್ಲ! ಮುಂದಿನ ಭಾನುವಾರ ನಾನೇ ಬೆಳಿಗ್ಗೆ ಮತ್ತು ರಾತ್ರಿ ಆ ಲೆಕ್ಕದ ಊಟ ಉಂಡೆ. ನನ್ನ ತೋಳಿಗೆ ಸೂಜಿ ಚುಚ್ಚಿಕೊಳ್ಳುವಾಗ ರಬ್ಬರ್ ಪಟ್ಟಿ ಬಿಗಿಹಿಡಿದವರು ನನ್ನವರು. ಅಂಕಿಗಳು ಎರಡೂ ಆರೋಗ್ಯವಂತರ ಮಿತಿಯೊಳಗೇ ಬಂದವು. ಆದರೆ ರಾತ್ರಿಯದು ಬೆಳಗಿನದಕ್ಕಿಂತ ಮೇಲಿತ್ತು.

ಈ ಸಲ ಡಾಕ್ಟರರು ಚೀಟಿಯನ್ನು ಬಹಳ ಹೊತ್ತು ನೋಡಿದರು. "ಇಬ್ಬರದ ರಕ್ತದ ಮ್ಯಾಲ ಏನೂ ಸಿದ್ಧ ಮಾಡಾಕ ಬರೂದಿಲ್ಲ," ಎಂದರು. ಆಮೇಲೆ ದನಿ ಬದಲಾಯಿತು. "ಆದ್ರ ಒಂದ್ ಮಾತ ಖರೆ. ನಾವು ಮಲಗಿದಾಗ ರಕ್ತದ ಒತ್ತಡ ಇಳಿತೈತಿ, ಹೃದಯಕ್ಕ ಒಂದೀಟ ಆರಾಮ ಸಿಗತೈತಿ. ರಾತ್ರಿ ಎಲ್ಲಾ ಎದ್ದು ಉಣ್ಣಾವರಿಗೆ ಅದು ಯಾವಾಗ ಇಳೀಬೇಕು? ಯಾವಾಗ ಉಣ್ತೀರಿ ಅಂತ ನಾನೂ ಯಾವ ಪೇಶಂಟಿಗೂ ಕೇಳಿಲ್ಲ. ಗುಳಿಗಿ ಬಿಡಸಬ್ಯಾಡ್ರಿ. ಊಟದ ಹೊತ್ತು ಬದಲಿ ಮಾಡಿ ನೋಡ್ರಿ, ನುಕಸಾನೇನೂ ಇಲ್ಲ. ತಲಿ ತಿರುಗಿತು, ಬೆವರು ಬಂತು ಅಂದ್ರ ಮಾತ್ರ ತಡ ಮಾಡದ ಏನರೆ ತಿನ್ನಸ್ರಿ."

ಹೀಗೆ ಮನೆಯಲ್ಲಿ ಹೊಸ ಕಟ್ಟಳೆ ಬಂತು. ಮೂರನೆಯ ಪಾಳಿಯ ವಾರ ಸಂಜೆ ಆರೂವರೆಗೆ ಪೂರ್ತಿ ಊಟ, ಆಮೇಲೆ ಕೆಲಸಕ್ಕೆ. ರಾತ್ರಿಗೆ ತೆಳು ಮಜ್ಜಿಗೆ, ಒಂದು ಹಿಡಿ ಹುರಿದ ಶೇಂಗಾ. ನಸುಕಿನಲ್ಲಿ ಬಂದು ಹಾಗೇ ಮಲಗುವುದು, ಎದ್ದ ಮೇಲೆ ಊಟ. ಬೇಗ ಅಡುಗೆಯಾಗಲೆಂದು ನಾನು ಬೆಳಿಗ್ಗೆಯೇ ಹಿಟ್ಟು, ಕಾಳು ತೆಗೆದಿಟ್ಟು ಹೋಗುತ್ತಿದ್ದೆ. ಪಲ್ಯ ಮಾಡುವುದನ್ನು ಅವರೇ ಕಲಿತರು.

ಮೂರನೆಯ ಪಾಳಿಯ ಎರಡು ವಾರಗಳು ಕಳೆದವು. ಅಂಕಿ ಕದಲಲಿಲ್ಲ. ನನ್ನ ಲೆಕ್ಕವೇ ತಪ್ಪೆಂದು ಕುಸಿದು ಕುಳಿತಿದ್ದೆ. ಆ ದಿನ ಅವರ ಅಂಗಿ ತೊಳೆಯುವಾಗ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಅರ್ಧ ಶೇಂಗಾ ಹೋಳಿಗೆ ಸಿಕ್ಕಿತು. ಅದನ್ನು ಅವರ ಮುಂದಿಟ್ಟೆ.

"ರಾತ್ರಿ ಉಣ್ಣಾಕತ್ತೀರೇನು?"

"ಹೂಂ."

"ಯಾಕ್ರಿ ಮತ್ತ? ನನಗೊಂದ್ ಮಾತ ಹೇಳಬಾರದೇನು?"

ಅವರು ಹೋಳಿಗೆಯ ಕಾಗದವನ್ನು ಮತ್ತೆ ಸುತ್ತುತ್ತ, "ಆರ ಮಂದಿ ತಾಡಪಾಲ ಹಾಸಿ ಕುಂದರತೇವಿ," ಎಂದರು. "ಎಲ್ಲಾರ ಡಬ್ಬಿ ನಡುವ. ಒಬ್ಬನ ಪಲ್ಯ ಒಬ್ಬಾವ ಉಣ್ಣೂದು. ಹತ್ತ ವರ್ಷ ಆತು. ಅವರೆಲ್ಲಾ ಉಣ್ಣುವಾಗ ನಾ ಒಬ್ಬಾವ ಗ್ವಾಡಿ ಕಡೆ ಮುಖಾ ಮಾಡಿ ಮಜ್ಜಿಗಿ ಕುಡೀಲೇನು? ಕಾಕಾ ತುತ್ತ ಮಾಡಿ ಕೈಯಾಗ ಇಡತಾನ. ಒಲ್ಲೆ ಅನ್ನಾಕ ಬಾಯಿ ಬರೂದಿಲ್ಲ."

ಕಾಕಾ ಎಂದರೆ ಅವರಿಗೆ ಕೆಲಸ ಕಲಿಸಿದ ಹಿರಿಯ. ಪಾಕದ ಒಂದು ತೊಟ್ಟನ್ನು ಗಾಜಿನ ತುಂಡಿನ ಮೇಲೆ ಹಚ್ಚಿ, ಬೆಳಕಿಗೆ ಹಿಡಿದು, ಸಕ್ಕರೆಯ ಹರಳು ಯಾವಾಗ ಕಟ್ಟುತ್ತದೆ ಎಂದು ಹೇಳುವವರಲ್ಲಿ ಅವರನ್ನು ಮೀರಿಸಿದವರು ಇರಲಿಲ್ಲವಂತೆ. ಆ ತುತ್ತನ್ನು ಬೇಡವೆನ್ನುವುದು ನನ್ನವರಿಗೆ ಸಕ್ಕರೆ ಕಾಯಿಲೆಗಿಂತ ಕಷ್ಟದ ಕೆಲಸವಾಗಿತ್ತು. ನಾನು ಹಿಟ್ಟು ತೂಗಿದ್ದೆ, ಹೊತ್ತು ಅಳೆದಿದ್ದೆ. ಊಟವೆಂದರೆ ಇನ್ನೊಬ್ಬರ ಕೈಯೂ ಹೌದೆಂಬುದು ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಬೈಯಬೇಕೆಂದಿದ್ದವಳು ಬೈಯಲಿಲ್ಲ.

ಅದಾಗಿ ಹದಿನೈದು ದಿನವಾಗಿತ್ತೋ ಏನೋ, ಮುಂಜಾನೆ ನಾನು ದವಾಖಾನೆಗೆ ಹೋದಾಗ ಹೊರಗೆ ಜೀಪು ನಿಂತಿತ್ತು. ಒಳಗೆ ಮಂಚದ ಮೇಲೆ ಕಾಕಾ ಮಲಗಿದ್ದರು. ಪಕ್ಕದಲ್ಲಿ ನನ್ನವರು, ಪಾಕದ ಕಲೆಯ ಅಂಗಿಯಲ್ಲೇ, ಕಾಕಾನ ಪಾದ ಹಿಡಿದುಕೊಂಡು ನಿಂತಿದ್ದರು. ಪಾಳಿ ಮುಗಿದು ಕೈಕಾಲು ತೊಳೆಯುವಾಗ ಎದೆ ಹಿಡಿದುಕೊಂಡು ಕುಸಿದರಂತೆ; ಜೀಪು ಸಿಗುವಷ್ಟರಲ್ಲಿ ಹೊತ್ತೇರಿತ್ತಂತೆ. ಡಾಕ್ಟರರು ಇಸಿಜಿ ತೆಗೆದು, ಹೃದಯದ ಒಂದು ಕಡೆ ರಕ್ತ ಹೋಗುತ್ತಿಲ್ಲವೆಂದರು. ಮದ್ದು ಕೊಟ್ಟು ಬೆಳಗಾವಿಗೆ ಕಳಿಸುವ ಮೊದಲು ರಕ್ತ ತೆಗೆದವಳು ನಾನು. ಅವರ ಸಕ್ಕರೆ ನನ್ನವರದಕ್ಕಿಂತ ಬಹಳ ಮೇಲಿತ್ತು. ತಮಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಆ ದಿನದವರೆಗೆ ಅವರಿಗೆ ಗೊತ್ತೇ ಇರಲಿಲ್ಲ.

ಕಾಕಾ ಬದುಕಿದರು. ಮೂರು ವಾರದ ಮೇಲೆ ನಾವಿಬ್ಬರೂ ಅವರ ಮನೆಗೆ ನೋಡಲು ಹೋದಾಗ ದಿಂಬಿಗೆ ಒರಗಿ ಕುಳಿತಿದ್ದರು. ನನ್ನವರು ಅಲ್ಲಿ ಎಲ್ಲವನ್ನೂ ಹೇಳಿದರು: ತಮ್ಮ ಕಾಯಿಲೆ, ನೋಟ್‌ಬುಕ್ಕು, ಎರಡು ಹೊತ್ತಿನ ರೊಟ್ಟಿ, ಬಚ್ಚಿಟ್ಟ ಸುಳ್ಳು. ಕಾಕಾ ನನ್ನ ಕಡೆ ತಿರುಗಿದರು.

"ರಾತ್ರಿ ಉಂಡದ್ದಕ್ಕ ಹಿಂಗ ಆತೇನವಾ ನನಗ?"

"ಹಂಗ ಹೇಳಾಕ ಬರೂದಿಲ್ಲರಿ ಕಾಕಾ. ನೀವು ಬೀಡಿನೂ ಸೇದತೀರಿ. ಸಕ್ಕರಿ ಎಷ್ಟ ವರ್ಷದಿಂದ ಇತ್ತೋ ಯಾರಿಗ್ಗೊತ್ತು. ಡಬ್ಬಿಯೊಂದರ ತಪ್ಪು ಅನ್ನಾಕ ನನಗ ಧೈರ್ಯ ಇಲ್ಲ."

"ಆದ್ರ ಅದೂ ಇರಬಹುದು?"

"ಇರಬಹುದ್ರಿ."

ಅವರು ಯೋಚಿಸಿ ನನ್ನವರಿಗೆ ಹೇಳಿದರು. "ಇಷ್ಟ ಗೊತ್ತಿದ್ದೂ ನನ್ನ ಕೈಯಾಗಿನ ತುತ್ತ ತಿಂದ್ಯಾ? ಹುಚ್ಚಪ್ಪಾ! ಡಬ್ಬಿ ಒಂದ ಗಂಟೇಕ್ಕ ಬಿಚ್ಚಬೇಕಂತ ಯಾರ ಹೇಳ್ಯಾರ? ಏಳಕ್ಕ ಎಲ್ಲಾರೂ ಗೇಟಿಗೆ ಬರ್ರಿ. ಉಂಡ ಒಳಗ ಹೋಗ್ರಿ."

ಕಾಕಾ ಮತ್ತೆ ರಾತ್ರಿಯ ಪಾಳಿಗೆ ಹೋಗಲಿಲ್ಲ. ಅವರಿಗೆ ಹಗಲಿನ ಹಗುರ ಕೆಲಸ ಸಿಕ್ಕಿತು. ಆದರೆ ಅವರ ಮಾತು ನಡೆಯಿತು. ಮೂರನೆಯ ಪಾಳಿಯ ವಾರ ಉಳಿದ ಐದು ಮಂದಿ ಏಳಕ್ಕೇ ಕಾರ್ಖಾನೆಯ ಗೇಟಿನ ಬಳಿ ಕೂಡುತ್ತಿದ್ದರು. ಕಬ್ಬಿನ ಗಾಡಿಗಳ ಸಾಲಿನ ಪಕ್ಕದಲ್ಲಿ ತಾಡಪಾಲು ಹಾಸಿ ಡಬ್ಬಿ ಬಿಚ್ಚುತ್ತಿದ್ದರು. ಕೆಲವು ಸಲ ಹಗಲು ಕೆಲಸ ಮುಗಿಸಿದ ಕಾಕಾ ಮನೆಗೆ ಹೋಗದೆ ಅವರಿಗಾಗಿ ಕಾದು ಕೂರುತ್ತಿದ್ದರಂತೆ. ಮೊದಲ ಕೆಲವು ರಾತ್ರಿ ಒಂದು ಗಂಟೆಗೆ ಎಲ್ಲರ ಹೊಟ್ಟೆಯೂ ಕೂಗಿತಂತೆ. ಒಬ್ಬನಂತೂ ಜಗಳ ತೆಗೆದು ಎರಡು ದಿನ ಬೇರೆಯೇ ಉಂಡನಂತೆ. ಆಮೇಲೆ ಕೂಗುವುದು ನಿಂತಿತು, ಜಗಳವಾಡಿದವನೂ ಬಂದು ಕೂಡಿದ.

ಹಂಗಾಮು ಮುಗಿಯುವಷ್ಟರಲ್ಲಿ ನನ್ನವರ ಅಂಕಿ ಇಳಿದಿತ್ತು. ಕಾಯಿಲೆ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಮೂರನೆಯ ಪಾಳಿಯ ವಾರಕ್ಕೂ ಉಳಿದ ವಾರಗಳಿಗೂ ಮೊದಲಿನ ಅಂತರ ಉಳಿದಿರಲಿಲ್ಲ. ಡಾಕ್ಟರರು ಒಂದು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಒತ್ತಡದ ಗುಳಿಗೆ ಹಾಗೇ ಮುಂದುವರಿಯಿತು.

ನಾನು ಉಬ್ಬಿಹೋಗಿದ್ದೆ. ಆಯಿಗೆ ಸುದ್ದಿ ಹೇಳಿ, "ನಿಮ್ಮ ನೇಮದಾಗ ಎಷ್ಟ್ ದೊಡ್ಡ ಗುಟ್ಟೈತಿ ನೋಡ್ರಿ," ಎಂದೆ. ಆಯಿಗೂ ಕುತೂಹಲ ಕೆರಳಿತು. "ಹಂಗಾರ ನಂದೂ ಒಮ್ಮೆ ನೋಡವಾ," ಎಂದು ಬಳೆ ಸರಿಸಿ ಕೈ ನೀಡಿದರು. ಅಷ್ಟು ವರ್ಷ ಹೊತ್ತಿಗೆ ಸರಿಯಾಗಿ ಉಂಡ ದೇಹದ ಲೆಕ್ಕ ಹೇಗಿರುತ್ತದೆಂದು ನೋಡುವ ಆಸೆಯಿಂದ ರಕ್ತವನ್ನು ಗೋಕಾಕಕ್ಕೆ ಒಯ್ದೆ.

ಆಯಿಗೂ ಸಕ್ಕರೆ ಕಾಯಿಲೆ ಇತ್ತು.

ಆ ಸಂಜೆ ಹೇಗೆ ಹೇಳುವುದೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದೆ. ಆಯಿಯೇ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. ಗಾಬರಿಯಾಗುತ್ತಾರೆಂದುಕೊಂಡರೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

"ಹೊತ್ತಿಗೆ ಉಂಡೀನಿ, ಖರೆ. ಎಷ್ಟ ಉಂಡೀನಂತ ಕೇಳಿದ್ಯೇನು? ಮತ್ತ ರಾತ್ರಿ ಬಾಯಿ ಕಟ್ಟಬೇಕಲ್ಲಂತ ಸಂಜಿಕ ತುಪ್ಪ, ಬೆಲ್ಲ, ಹೋಳಿಗಿ, ಎಲ್ಲಾ ಒಮ್ಮೆ ಮುಗಸತಿದ್ದೆ!"

ನನಗೂ ನಗು ಬಂತು. ನಗುತ್ತಲೇ ನನ್ನ ಹೆಮ್ಮೆಯೂ ಇಳಿಯಿತು. ಹೊತ್ತು ಒಂದು ಕಾರಣ, ಹೊತ್ತೇ ಎಲ್ಲವೂ ಅಲ್ಲ. ಆ ದಿನದಿಂದ ನೋಟ್‌ಬುಕ್ಕಿನಲ್ಲಿ ಎಷ್ಟು, ಏನು, ಯಾರ ಜೊತೆ ಎಂದು ಮೂರು ಹೊಸ ಕಾಲಂಗಳಿಗೆ ಗೆರೆ ಎಳೆದೆ. ಆಯಿ ಮರುದಿನದಿಂದ ಹೋಳಿಗೆ ಅರ್ಧ ಮಾಡಿದರು. ಸೂರ್ಯ ಮುಳುಗುವ ಮೊದಲಿನ ಊಟ ಮಾತ್ರ ಬಿಡಲಿಲ್ಲ. ಅದು ಹುಳುಗಳ ಸಲುವಾಗಿ ಇಟ್ಟುಕೊಂಡ ನೇಮ, ನನ್ನ ಲೆಕ್ಕಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರ ನನ್ನವರು ಪಾಳಿಯಿಲ್ಲದ ಕೆಲಸ ಕೇಳಿ ಪಡೆದು ಹುಕ್ಕೇರಿ ತಾಲೂಕಿನ ಕಡೆಗೆ ಬಂದರು. ಘೋಡಗೇರಿಯಲ್ಲಿ ನನ್ನ ತವರು ಇದ್ದದ್ದರಿಂದ ನನಗೂ ಅನುಕೂಲವಾಯಿತು. ಹುಕ್ಕೇರಿಯಲ್ಲಿ ಒಂದು ಮಳಿಗೆ ಹಿಡಿದು ನನ್ನದೇ ಲ್ಯಾಬು ತೆರೆದೆ. ಪರೀಕ್ಷೆಗೆ ಬಂದವರ ಹೆಸರು, ವಯಸ್ಸು ಬರೆಯುವ ಕಾಗದದಲ್ಲಿ ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿಸಿದೆ: ನಿನ್ನೆ ಕೊನೆಯ ಊಟ ಎಷ್ಟು ಗಂಟೆಗೆ? ಮೊದಮೊದಲು ಜನ ನಗುತ್ತಿದ್ದರು. "ಉಂಡದ್ದೂ ಬರಸಬೇಕೇನ್ರಿ?" ಎನ್ನುತ್ತಿದ್ದರು. ನಂತರ ರೂಢಿಯಾಯಿತು.

ಒಂದು ಬೆಳಿಗ್ಗೆ, ರಾತ್ರಿ ಹಳ್ಳಿಯಲ್ಲೇ ತಂಗಿ ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸಿನ ಡ್ರೈವರೊಬ್ಬರು ಖಾಲಿ ಹೊಟ್ಟೆಯ ರಕ್ತ ಕೊಡಲು ಬಂದು ಆ ಸಾಲಿನ ಮುಂದೆ ಪೆನ್ನು ಹಿಡಿದು ಕುಳಿತೇಬಿಟ್ಟರು. "ಬಾಯಾರ, ನಿನ್ನೆ ಹಿಡಕಲ್ ದಾಟಿದ ಮ್ಯಾಲ ಒಮ್ಮೆ ಉಂಡ್ನಿ. ಹನ್ನೆರಡಕ್ಕ ಬಸ್ ನಿಂದ್ರಿಸಿ ಇನ್ನೊಮ್ಮೆ ಉಂಡ್ನಿ. ನಸಿಕಿನ್ಯಾಗ ಚಾ, ಖಾರಿ ಬಿಸ್ಕೀಟ. ಇದರಾಗ ನಿನ್ನೀದು ಯಾವದ್ರಿ, ಇವತ್ತಿಂದು ಯಾವದು?"

"ಹಂಗಾರ ನಿಮ್ಮ ಹೊಟ್ಟಿ ಖಾಲಿ ಆಗೂದ ಯಾವಾಗ್ರಿ?"

ಅವರು ಪೆನ್ನು ಕೆಳಗಿಟ್ಟು ಬೆರಳು ಮಡಿಚುತ್ತ ಎಣಿಸಿದರು, ಮತ್ತೆ ಬಿಚ್ಚಿ ಎಣಿಸಿದರು. ಕೊನೆಗೆ, "ಇಷ್ಟ ವರ್ಷದಾಗ ಅದನ್ನ ನಾ ವಿಚಾರನ ಮಾಡಿಲ್ಲ ನೋಡ್ರಿ," ಎಂದರು.

ನಾನು ಹೊಸ ಹಾಳೆ ತೆಗೆದು ಅವರ ಮುಂದಿಟ್ಟೆ. ಒಂದು ವಾರ ಉಂಡ ಹೊತ್ತನ್ನೆಲ್ಲ ಬರೆದುಕೊಂಡು ಬರಲು ಹೇಳಿದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಖಾಕಿ ಅಂಗಿಯ ಜೇಬಿಗಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದರು.